ಗಿಡದ ಕಂಡಕ್ಟರ್

ನಾನು ಅವರನ್ನು ಮೊದಲು ನೋಡಿದ್ದು ಒಂದು ಹೂಗುಚ್ಛದ ಸಂದಿಯಿಂದ. ಗುಚ್ಛವನ್ನು ಎರಡೂ ಕೈಯಲ್ಲಿ ಮುಖದ ಮಟ್ಟಕ್ಕೆ ಎತ್ತಿ ಹಿಡಿದು ಸಿಂಧನೂರಿನ ಬಸ್‌ಸ್ಟ್ಯಾಂಡಿನಲ್ಲಿ ಲಿಂಗಸುಗೂರಿನ ಬಸ್ಸು ಹತ್ತಲು ಹೊರಟಿದ್ದೆ. ಎಲೆಗಳ ನಡುವೆ ಮೊದಲು ಖಾಕಿ ಅಂಗಿ ಕಂಡಿತು, ಆಮೇಲೆ ಕಿವಿಯ ಮೇಲಿನ ಪೆನ್ಸಿಲ್ಲು, ಕೊನೆಗೆ ಬಾಗಿಲಿಗೆ ಅಡ್ಡ ಚಾಚಿದ ಒಂದು ಕೈ.

“ನೀವು ಬರ್ರಿ. ಇವು ಬ್ಯಾಡ,” ಎಂದಿತು ಖಾಕಿ ಅಂಗಿ.

ಅಂದು ನಮ್ಮ ಶಾಲೆಗೆ ಮೇಲಧಿಕಾರಿಗಳು ಬರುವವರಿದ್ದರು. ಹೂವು ವಿಜ್ಞಾನದೊಳಗೆ ಬರುತ್ತದೆ ಎಂಬುದು ನಮ್ಮ ಹೆಡ್‌ಮಾಸ್ತರರ ತಿಳಿವಳಿಕೆಯಾದ್ದರಿಂದ ಗುಚ್ಛದ ಹೊಣೆ ವಿಜ್ಞಾನದ ಮಾಸ್ತರನಾದ ನನ್ನ ತಲೆಗೆ ಬಿದ್ದಿತ್ತು. ಮೂರು ಗುಲಾಬಿ, ಒಂದಿಷ್ಟು ಚೆಂಡುಹೂವು, ನಡುವೆ ತುಂಬಲಿಕ್ಕೆ ನಮ್ಮ ಮನೆಯ ಹಿಂದಿನ ಖಾಲಿ ಸೈಟಿನಲ್ಲಿ ಹೇರಳವಾಗಿ ಅರಳಿದ್ದ ಸಣ್ಣ ಸಣ್ಣ ಬಿಳಿ ಹೂಗಳು. ಗುಚ್ಛ ನೋಡಿ ನನ್ನ ಹೆಂಡತಿ ಒಂದು ಒಳ್ಳೆಯ ಮಾತನ್ನೂ ಆಡಿದ್ದಳು. ಅಲ್ಲಿಯೇ ನಾನು ಎಚ್ಚರಾಗಬೇಕಿತ್ತು.

ಕಂಡಕ್ಟರ್ ಒಂದು ಬಿಳಿ ಹೂವಿನ ಕಡ್ಡಿಯನ್ನು ಎರಡು ಬೆರಳಲ್ಲಿ ಎಳೆದು ನನ್ನ ಕನ್ನಡಕದ ಮುಂದೆ ಹಿಡಿದರು.

“ಇದರ ಹೆಸರು ಗೊತ್ತೈತೇನ್ರಿ?”

ಗೊತ್ತಿಲ್ಲದೆ ಏನು? ವರ್ಷ ವರ್ಷ ಹೇಳುವ ಪಾಠ. “ಪಾರ್ಥೇನಿಯಂ ಹಿಸ್ಟೆರೊಫೋರಸ್,” ಎಂದು ಬಾಯಿ ತಾನಾಗಿ ಹೇಳಿತು. ಹೊರದೇಶದಿಂದ ಬಂದ ಕಳೆ, ಮೈಗೆ ತುರಿಕೆ, ಉಸಿರಿಗೆ ತೊಂದರೆ, ತಾನು ನಿಂತಲ್ಲಿ ಬೇರೆ ಗಿಡ ಏಳಗೊಡದು. ಪಾಠದ ಉಳಿದ ಸಾಲುಗಳು ಒಂದರ ಹಿಂದೊಂದು ನೆನಪಾದಾಗಲೇ, ನಾನು ಅಧಿಕಾರಿಗಳ ಮೂಗಿನ ಕೆಳಗೆ ಏನನ್ನು ಹಿಡಿಯಲು ಹೊರಟಿದ್ದೇನೆಂದು ಹೊಳೆದದ್ದು.

ಅವರು ನಗಲಿಲ್ಲ. “ಹೆಸರು ಐತಿ. ಗುರುತು ಇಲ್ಲ,” ಎಂದರು, ಡಾಕ್ಟರು ರೋಗ ಹೇಳಿದ ಹಾಗೆ. ಆಮೇಲೆ ಬಸ್ಸಿನ ಮೆಟ್ಟಿಲ ಬಳಿಯೇ ನನ್ನನ್ನು ನಿಲ್ಲಿಸಿ, ಬಿಳಿ ಹೂವನ್ನೆಲ್ಲ ಒಂದೊಂದಾಗಿ ಕೀಳಿಸಿದರು. ಕಿಟಕಿಗಳಲ್ಲಿ ತಲೆಗಳು ಮೂಡಿದ್ದವು. ಡ್ರೈವರ್ ಮಹಬೂಬ್ ಸಾಬರು ಎಂಜಿನ್ನನ್ನು ಎರಡು ಸಲ ಗುರ್ ಎನಿಸಿ, “ಉಸ್ತಾದ್, ಮಾಸ್ತರ್ರ ಪರೀಕ್ಷಾ ಮುಗೀತೇನು?” ಎಂದು ಕೇಳಿದರು. ಕಿತ್ತದ್ದನ್ನು ಕಂಡಕ್ಟರ್ ಹಳೆಯ ಪೇಪರಿನಲ್ಲಿ ಸುತ್ತಿ, ದಾರ ಕಟ್ಟಿ, ಸೀಟಿನ ಕೆಳಗೆ ಇಟ್ಟುಕೊಂಡರು. ಮಸ್ಕಿಯಲ್ಲಿ ಇಳಿದು ಅದನ್ನು ಒಂದು ಮಿರ್ಚಿ ಅಂಗಡಿಯ ಒಲೆಗೆ ಹಾಕಿ ಬಂದದ್ದನ್ನು ನಾನೇ ನೋಡಿದೆ. ಗುಚ್ಛ ಈಗತಾನೇ ಕಟಿಂಗ್ ಮಾಡಿಸಿಕೊಂಡ ತಲೆಯಂತಾಗಿತ್ತು. ಅಧಿಕಾರಿಗಳು ಅಂದು ಬರಲೂ ಇಲ್ಲ.

ಹೀಗೆ ಪರಿಚಯವಾದವರ ಜೊತೆ ಆಮೇಲೆ ಹನ್ನೊಂದು ವರ್ಷ ಪ್ರಯಾಣ ಮಾಡಿದೆ. ಅವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಬರೆದರೆ, “ನಂದೇನೈತ್ರಿ ಅದರಾಗ, ಗಿಡದ ಹೆಸರು ಬರೀರಿ,” ಎನ್ನುತ್ತಾರೆ. ನಮ್ಮ ಶಾಲೆಯ ಊರಿನ ಹೆಸರನ್ನೂ ಬರೆಯುವುದಿಲ್ಲ. ಅದಕ್ಕೆ ಕಾರಣ ಬೇರೆ, ಮುಂದೆ ನಿಮಗೇ ತಿಳಿಯುತ್ತದೆ. ಮಸ್ಕಿ ದಾಟಿದ ಮೇಲೆ ಬಲಕ್ಕೆ ಒಂದು ಕಟ್ಟೆ, ಎಡಕ್ಕೆ ಒಂದು ಚಹಾದಂಗಡಿ ಇರುವ ಸ್ಟಾಪು ಎಂದರೆ ಸಾಕು.

ಅವರು ಪಾಮನಕಲ್ಲೂರಿನ ಕಡೆಯವರು, ಮಳೆ ನಂಬಿದ ಹೊಲಗಳ ನಡುವೆ ಬೆಳೆದವರು. ನಾನು ಸಾಲಗುಂದದವನು, ಕಾಲುವೆ ನೀರಿನ ಗದ್ದೆಯಲ್ಲಿ ಕಾಲಿಟ್ಟವನು. ಭತ್ತದ ಪೈರಿನ ನಡುವೆ ಇರುವ ಹುಲ್ಲನ್ನು ಕಣ್ಣು ಮುಚ್ಚಿ ಕೀಳಬಲ್ಲೆ. ಆದರೆ ಮಸ್ಕಿಯ ಗುಡ್ಡ ದಾಟಿದ ಮೇಲೆ ಕಾಣುವ ಮುಳ್ಳಿನ ಗಿಡಗಳೆಲ್ಲ ನನಗೆ ಒಂದೇ ಮನೆಯವರಂತೆ ಕಾಣುತ್ತವೆ. ಇದನ್ನು ಯಾರಿಗೂ ಹೇಳಿರಲಿಲ್ಲ. ಹೇಳುವ ಅಗತ್ಯವೂ ಅವರ ಮುಂದೆ ಇರಲಿಲ್ಲ.

ಅವರ ನೌಕರಿಯ ಬಹುಪಾಲು ಈ ಒಂದೇ ರಸ್ತೆಯ ಮೇಲೆ ಕಳೆದಿತ್ತು. ದಿನಕ್ಕೆ ಹೋಗುತ್ತ ಒಂದು ಸಲ, ಬರುತ್ತ ಒಂದು ಸಲ. ಬೇರೆ ಕಂಡಕ್ಟರುಗಳು ಎರಡು ಸ್ಟಾಪುಗಳ ನಡುವೆ ಕೂತು ತೂಕಡಿಸುವ ಹೊತ್ತಿನಲ್ಲಿ ಇವರು ಬಾಗಿಲಲ್ಲಿ ನಿಂತು, ಒಂದು ಕೈಯಲ್ಲಿ ಮೇಲಿನ ಸರಳು ಹಿಡಿದು, ರಸ್ತೆಯ ಅಂಚನ್ನು ಓದುತ್ತಿದ್ದರು. ಓಡುವ ಬಸ್ಸಿನಿಂದ ಗಿಡ ಗುರುತಿಸುವುದು ಹೇಗೆಂದು ಕೇಳಿದರೆ, “ನಮ್ಮ ಗಿಡ ಗಾಡಿ ನೋಡಿ ಹಿಂದ ಸರದು ನಿಂತಿರ್ತಾವ. ಹೊರಗಿನವು ರಸ್ತೆಕ ಬಂದು ಕೈ ಮಾಡ್ತಾವ,” ಎಂದಿದ್ದರು. ಇದು ತಮಾಷೆ ಎಂದುಕೊಂಡು ನಾನು ಒಂದು ವಾರ ಕಿಟಕಿಯಿಂದ ನೋಡಿದೆ. ನಿಜವೇ. ತಂಗಡಿ, ಕರಿಜಾಲಿ, ತುಂಬೆ ಎಲ್ಲ ಹೊಲದ ಕಡೆಗೆ ಹಿಂದಕ್ಕೆ. ರಸ್ತೆಯಂಚಿನ ಕೆದರಿದ ಮಣ್ಣಿನಲ್ಲಿ, ಬಸ್ಸಿನ ಮೈಗೆ ತಾಗುವಂತೆ, ಪಾರ್ಥೇನಿಯಂ ಮತ್ತು ಬಳ್ಳಾರಿ ಜಾಲಿ.

ಅವರ ಲೆಕ್ಕದಲ್ಲಿ ಇವೆಲ್ಲ ಟಿಕೆಟ್ ಇಲ್ಲದೆ ಹತ್ತಿದ ಪ್ಯಾಸೆಂಜರುಗಳು. “ಹೋದ ವರ್ಷ ಇದು ಹಳ್ಳದ ತನಕ ಬಂದಿತ್ರಿ. ಈ ವರ್ಷ ಹಳ್ಳ ದಾಟೈತಿ,” ಎನ್ನುವರು. ಅದಕ್ಕೊಂದು ಉದ್ದನೆಯ ನೋಟ್‌ಬುಕ್ಕು ಇತ್ತು. ಸಿಂಧನೂರಿನಿಂದ ಲಿಂಗಸುಗೂರಿನವರೆಗೆ ಪ್ರತಿ ಸ್ಟಾಪಿಗೆ ಒಂದು ಪುಟ. ಯಾವ ಗಿಡ ಬಂತು, ಯಾವ ಮಳೆಗೆ ಬಂತು, ಕೊನೆಯ ಸಾಲಿನಲ್ಲಿ “ಹೆಂಗ ಬಂತು.” ಅಲ್ಲಿ ನೀರು, ಆಡು, ಲಾರಿ, ಗೊಬ್ಬರದ ಚೀಲ ಎಂದೆಲ್ಲ ಪೆನ್ಸಿಲಿನಲ್ಲಿ ಬರೆದಿರುತ್ತಿತ್ತು. ಟಿಕೆಟಿಗೆ ಮಷಿನ್ನು ಬಂದ ಮೇಲೂ ಕಿವಿಯ ಮೇಲಿನ ಪೆನ್ಸಿಲ್ಲು ಇಳಿಯದಿದ್ದದ್ದು ಈ ಕಾರಣಕ್ಕೆ.

ಪಾರ್ಥೇನಿಯಂಗೆ ನಮ್ಮ ಜನ ಒಂದು ರಾಜಕೀಯ ಪಕ್ಷದ ಹೆಸರು ಇಟ್ಟಿದ್ದಾರಷ್ಟೆ. ಕಂಡಕ್ಟರ್ ಅದನ್ನು ಎಂದೂ ಬಾಯಲ್ಲಿ ತರಲಿಲ್ಲ. ಸರ್ಕಾರಿ ನೌಕರ, ಬಸ್ಸಿನಲ್ಲಿ ಎಲ್ಲ ಪಕ್ಷದವರೂ ಇರುತ್ತಾರೆ. “ಬಿಳಿ ಹೂವಿನವ” ಎಂದೇ ಕರೆಯುವರು. ಕಾಲುವೆಯ ದಂಡೆಯುದ್ದಕ್ಕೂ ತಿಳಿಗೆಂಪು ಹೂ ಬಿಟ್ಟು ನಿಲ್ಲುವ, ಕಡಿದು ಎಸೆದರೆ ಎಸೆದಲ್ಲೇ ಬೇರು ಬಿಡುವ ಗಿಡಕ್ಕೆ ಮಾತ್ರ ಜನ ಇಟ್ಟ ಬೇಶರಮ್, ಎಂದರೆ ನಾಚಿಕೆಗೆಟ್ಟದ್ದು, ಎಂಬ ಹೆಸರು ಅವರಿಗೆ ಬಹಳ ಸರಿ ಎನಿಸಿತ್ತು. ಒಮ್ಮೆ ಒಬ್ಬ ರೈತ ಬೇಲಿಗೆಂದು ಅದರ ಹಸಿ ಕೋಲಿನ ಕಟ್ಟು ತಂದಾಗ, ಅವನನ್ನು ಹತ್ತಿಸಿಕೊಂಡು ಕಟ್ಟನ್ನು ಕೆಳಗೆ ಬಿಟ್ಟರು. ಅವನು ಮಸ್ಕಿಯವರೆಗೂ ಬೈದ. ಇವರು ಮಸ್ಕಿಯವರೆಗೂ ಹೌದೆಂದು ತಲೆಯಾಡಿಸಿದರು.

ಈ ಹುಚ್ಚು ಎಲ್ಲಿಂದ ಬಂತೆಂದು ಅವರ ಮನೆಗೆ ಹೋದಾಗಲೇ ನನಗೆ ತಿಳಿದದ್ದು. ಅವರ ಹೆಂಡತಿ ಮೊದಲು ಹೊಲಗೆಲಸಕ್ಕೆ ಹೋಗುತ್ತಿದ್ದರು. ಕಳೆ ತೆಗೆದು ಬಂದ ದಿನ ಮುಖ, ಕೈ ಎಲ್ಲ ಬಾತು ಕೆಂಪಗಾಗುತ್ತಿತ್ತು. ಬಿಳಿ ಹೂವಿನಿಂದ ಎಂದು ಡಾಕ್ಟರು ಹೇಳುವ ಹೊತ್ತಿಗೆ ಮೂರು ಮಳೆಗಾಲ ಕಳೆದಿದ್ದವು. ಅಂದಿನಿಂದ ಈತ ಅದರ ಬೆನ್ನು ಬಿಟ್ಟಿಲ್ಲ. ಆಕೆಗೆ ಇದರ ಬಗ್ಗೆ ದುಃಖವೇನೂ ಇದ್ದಂತಿರಲಿಲ್ಲ. ಚಹಾ ಕೊಡುತ್ತ, “ನನಗ ಅದು ಸವತಿ ಆಗೇತಿ ನೋಡ್ರಿ. ಊಟಕ್ಕ ಕುಂತ್ರೂ ಅದರದಾ ಮಾತು,” ಎಂದರು. ಕಂಡಕ್ಟರ್ ನಾಚಿ ಕಪ್ಪಿನೊಳಗೆ ನೋಡಿದರು.

ನನ್ನದು ಬೇರೆ ರೋಗ. ನಾನು ಎಡಗಡೆಯ ಮೂರನೆಯ ಸೀಟಿನಲ್ಲೇ ಕೂರುತ್ತೇನೆ, ಯಾಕೆಂದರೆ ಬಸ್ಸು ಪಲ್ಟಿಯಾದರೆ ಅದು ವಾಸಿ ಎಂದು ಎಲ್ಲೋ ಓದಿದ್ದೆ. ಟೈರಿನ ಸದ್ದು, ಗೇರಿನ ಸದ್ದು, ಮಹಬೂಬ್ ಸಾಬರ ಆಕಳಿಕೆ ಎಲ್ಲವೂ ನನಗೆ ಸೂಚನೆಗಳು. ಇದನ್ನು ಅವರು ಮೊದಲ ತಿಂಗಳಲ್ಲೇ ಹಿಡಿದಿದ್ದರು. ನಾನು ಮೂಗೆತ್ತಿ ಗಾಳಿ ಮೂಸಿದ ಕೂಡಲೇ ಹಿಂದಿನಿಂದ ದನಿ ಬರುತ್ತಿತ್ತು: “ಬ್ರೇಕಿನ ವಾಸನಿ ಅಲ್ರಿ ಮಾಸ್ತರ. ಒಬ್ಬಾಕಿ ಮೆಣಸಿನಕಾಯಿ ಚೀಲ ತಂದಾಳ.”

ಒಮ್ಮೆ ಅವರನ್ನು ಶಾಲೆಗೆ ಕರೆದು ಮಕ್ಕಳೊಂದಿಗೆ ಮಾತಾಡಿಸಿದೆ. ವೇದಿಕೆಗೆ ಕರೆದರೆ ಹತ್ತಲಿಲ್ಲ. ತರಗತಿಯ ಬಾಗಿಲಲ್ಲೇ ನಿಂತು, ಮೇಲಿನ ಚೌಕಟ್ಟನ್ನು ಒಂದು ಕೈಯಲ್ಲಿ ಹಿಡಿದ ಮೇಲಷ್ಟೇ ಮಾತು ಹೊರಟಿತು. ಎರಡು ಎಲೆ ತಂದಿದ್ದರು, ಒಂದು ಸೇವಂತಿಗೆಯದು, ಒಂದು ಬಿಳಿ ಹೂವಿನವನದು. ನೋಡಿದರೆ ಒಂದೇ. ಕಣ್ಣು ಮುಚ್ಚಿ ತಿಕ್ಕಿ ಮೂಸಿದರೆ ಬೇರೆ. “ಕಣ್ಣು ಲಗೂ ಮೋಸ ಹೋಗ್ತೈತಿ,” ಎಂದರು. ಮಕ್ಕಳು ಕೈ ತೊಳೆದುಕೊಳ್ಳುವವರೆಗೂ ಕಾದು ನಿಂತರು. ಸೇವಂತಿಗೆಯೇ ಯಾಕೆ ಎಂದು ಕೇಳಬೇಕೆಂದು ನನಗೆ ಆಗ ಹೊಳೆಯಲಿಲ್ಲ.

ಈಗ ಕಟ್ಟೆಯ ವಿಷಯ.

ನಮ್ಮ ಶಾಲೆಯ ಊರಿನ ಸ್ಟಾಪಿನಲ್ಲಿ ಒಂದು ಹಳೆಯ ಬನ್ನಿ ಇತ್ತು. ದಸರೆಗೆ ಊರೆಲ್ಲ ಅದಕ್ಕೆ ಪೂಜೆ ಮಾಡಿ, ಅದರ ಎಲೆಯನ್ನೇ ಬಂಗಾರವೆಂದು ಹಂಚಿಕೊಳ್ಳುತ್ತಿತ್ತು. ಒಂದು ಬೇಸಿಗೆಯ ಬಿರುಗಾಳಿಗೆ ಅದು ಬಿತ್ತು. ಬೊಡ್ಡೆಯಷ್ಟೇ ಕಟ್ಟೆಯಲ್ಲಿ ಉಳಿಯಿತು. ಹೊಸ ಬನ್ನಿ ಹಚ್ಚಬೇಕೆಂದು ಗೌಡರು ಶಾಲೆಗೆ ಬಂದರು, ಗಿಡವೂ ವಿಜ್ಞಾನದೊಳಗೆ ಬರುವುದರಿಂದ ಹೆಡ್‌ಮಾಸ್ತರರು ನನ್ನನ್ನು ತೋರಿಸಿದರು.

ನಾನು ಹೋಗಿ ನೋಡಿದೆ. ಬಿದ್ದ ಬನ್ನಿಯ ನೆರಳಿದ್ದ ಜಾಗದಲ್ಲೇ ನಾಲ್ಕೈದು ಸಸಿ ಎದ್ದಿದ್ದವು. ಮರದ ಬುಡದಲ್ಲಿ ಎದ್ದದ್ದು ಮರದ ಮಕ್ಕಳಲ್ಲದೆ ಇನ್ನಾರವು? ಎಲೆ ಬನ್ನಿಯ ಎಲೆಯಂತೆಯೇ ಇತ್ತು. ಎಲ್ಲಕ್ಕಿಂತ ಗಟ್ಟಿಮುಟ್ಟಾದ್ದನ್ನು ಆರಿಸಿ, ಬೊಡ್ಡೆಯ ಪಕ್ಕಕ್ಕೆ ನೆಟ್ಟೆ. ಅರಿಶಿನ, ಕುಂಕುಮ, ಕಾಯಿ ಎಲ್ಲ ಆಯಿತು. ನಾನು ‘ನಮ್ಮ ನೆಲದ ಮರಗಳು’ ಎಂಬ ವಿಷಯವಾಗಿ ಮುಕ್ಕಾಲು ತಾಸು ಭಾಷಣ ಮಾಡಿದೆ. ಆಡು ತಿನ್ನದಂತೆ ಸುತ್ತಲೂ ಒಣಮುಳ್ಳಿನ ಒತ್ತಾದ ಬೇಲಿ ಕಟ್ಟಿದರು. ಎದುರಿನ ಚಹಾದಂಗಡಿಯ ಹುಲಿಗೆವ್ವ ದಿನವೂ ಒಂದು ಬಿಂದಿಗೆ ನೀರು ಹಾಕುವುದನ್ನು ತಾನಾಗಿಯೇ ವಹಿಸಿಕೊಂಡಳು. ಮೂರು ವರ್ಷದ ಹೊತ್ತಿಗೆ, ಗಿಡ ನಿಂತುಕೊಂಡರೆ, ದಸರೆಯ ಪೂಜೆ ಮತ್ತೆ ಇಲ್ಲಿಯೇ ಎಂದು ಹಿರಿಯರು ಮಾತಾಡಿಕೊಂಡರು.

ಗಿಡ ನಿಂತುಕೊಳ್ಳುವುದೇನು, ಓಡತೊಡಗಿತು. ಎರಡನೆಯ ಮಳೆಗಾಲಕ್ಕೆ ಬೇಲಿಯ ಮೇಲೆ ತಲೆ ಹಾಕಿ ನನ್ನನ್ನೇ ನೋಡುವಷ್ಟಾಯಿತು. ಮೂರಕ್ಕೆ ಬೇಡ, ಈ ವರ್ಷವೇ ಪೂಜೆ ಎಂದು ಊರು ತೀರ್ಮಾನಿಸಿತು. ಬೇರೆ ಶಾಲೆಯ ಮಾಸ್ತರರು ಬಂದು ಫೋಟೊ ತೆಗೆದುಕೊಂಡು ಹೋದರು. ನಾನು ಯಾವುದಕ್ಕೂ ಚಿಂತಿಸದೆ ಕಳೆದ ದಿನಗಳು ಬಾಳಿನಲ್ಲಿ ಅವಷ್ಟೇ ಇರಬೇಕು.

ದಸರೆಗೆ ಇನ್ನು ಮೂರು ವಾರ ಇದ್ದಾಗ ಒಂದು ಬೆಳಿಗ್ಗೆ ಕಂಡಕ್ಟರ್ ನನ್ನ ಸೀಟಿನ ಬಳಿ ಬಂದು, ಟಿಕೆಟ್ ಕೊಡುವವರಂತೆ ಬಾಗಿ, ಕಿವಿಯ ಹತ್ತಿರ ಮೆಲ್ಲಗೆ ಹೇಳಿದರು:

“ಮಾಸ್ತರ, ಬನ್ನಿ ಇಷ್ಟು ಅವಸರ ಮಾಡಂಗಿಲ್ರಿ. ಇಳಿದ ಮ್ಯಾಲ ಮುಳ್ಳು ನೋಡ್ರಿ. ಎಲಿ ಹುಟ್ಟೋ ಗಿಣ್ಣಿನ್ಯಾಗ ಜೋಡಿ ಕುಂತಾವೇನು, ಕಡ್ಡಿ ತುಂಬ ಚೆದುರಿ ಕುಂತಾವೇನು.”

“ಜೋಡಿ ಇದ್ದರೆ?”

“ಬಳ್ಳಾರಿ ಜಾಲಿ.”

ಇಳಿದೆ. ಬೇಲಿಯೊಳಗೆ ಕೈ ಹಾಕಿ ಒಂದು ಟೊಂಗೆ ಎಳೆದೆ. ಪ್ರತಿ ಗಿಣ್ಣಿನಲ್ಲೂ ಎರಡೆರಡು, ಉದ್ದಕ್ಕೆ, ಚೂಪಾಗಿ, ಅವಳಿಜವಳಿ ಮಕ್ಕಳಂತೆ. ಇಡೀ ತಾಲೂಕನ್ನೇ ನುಂಗುತ್ತಿರುವ ಗಿಡವನ್ನು ನಾನು ಕಟ್ಟೆ ಮೇಲೆ ಕೂರಿಸಿ, ಕುಂಕುಮ ಹಚ್ಚಿಸಿ, ಎರಡು ವರ್ಷ ನೀರು ಕುಡಿಸಿದ್ದೆ. ಸುತ್ತ ಕಟ್ಟಿದ ಬೇಲಿಯ ಒಣಮುಳ್ಳೂ ಅದರದ್ದೇ ಎಂಬುದು ಆಗ ಕಣ್ಣಿಗೆ ಬಿತ್ತು. ಕಾವಲಿಗೆ ಅವನ ಅಣ್ಣತಮ್ಮಂದಿರನ್ನೇ ನಿಲ್ಲಿಸಿದ್ದೆವು.

ಅದು ಅಲ್ಲಿಗೆ ಹೇಗೆ ಬಂತೆಂದು ಸಂಜೆಯ ಬಸ್ಸಿನಲ್ಲಿ ಅವರೇ ಬಿಡಿಸಿ ಹೇಳಿದರು. ಊರ ಆಡುಗಳು ಬಳ್ಳಾರಿ ಜಾಲಿಯ ಸಿಹಿ ಕಾಯಿ ತಿಂದು, ಮಧ್ಯಾಹ್ನ ಬನ್ನಿಯ ನೆರಳಿಗೆ ಬಂದು ಮಲಗುತ್ತಿದ್ದವು. ಬೀಜ ಹಿಕ್ಕೆಯೊಳಗೆ ಬಂದು ಅಲ್ಲಿಯೇ ಉಳಿಯುತ್ತಿತ್ತು. ಬನ್ನಿಯ ಬುಡದಲ್ಲಿ ಬನ್ನಿಗಿಂತ ಜಾಲಿಯೇ ಹೆಚ್ಚು ಏಳುತ್ತದೆ, ಎಲೆಯಲ್ಲಿ ದಾಯಾದಿಗಳ ಹೋಲಿಕೆ ಇದೆ, ಸಸಿಯಲ್ಲಿ ಮೋಸ ಹೋಗುವುದು ಸಹಜ ಎಂದರು. ನನಗೆ ಸಹಜ ಎಂಬ ಮಾತು ಕೇಳಿಸಲಿಲ್ಲ. ವರ್ಗಾವಣೆಯ ಅರ್ಜಿಯ ಒಕ್ಕಣೆ ಮನಸ್ಸಿನಲ್ಲಿ ಓಡುತ್ತಿತ್ತು. ಸುಮ್ಮನಿದ್ದುಬಿಟ್ಟರೆ? ಊರವರು ಪೂಜೆ ಮಾಡಿ, ಜಾಲಿಯ ಎಲೆಯನ್ನು ಬಂಗಾರವೆಂದು ಕೈಗೆ ಕೈಗೆ ಕೊಟ್ಟುಕೊಳ್ಳುತ್ತಾರೆ, ನಾನೂ ನಿಂತು ತೆಗೆದುಕೊಳ್ಳುತ್ತೇನೆ. ಆಮೇಲೆ ಒಂದು ದಿನ ಯಾರಾದರೂ ಮುಳ್ಳು ನೋಡುತ್ತಾರೆ. ಆ ಶಾಲೆಯಲ್ಲಿ ನಾನು ಇನ್ನು ಯಾವ ಗಿಡದ ಹೆಸರು ಹೇಳಿದರೂ ಮಕ್ಕಳು ಒಬ್ಬರ ಮುಖ ಒಬ್ಬರು ನೋಡುತ್ತಾರೆ.

“ನೀವೇ ಹೇಳಿಬಿಡ್ರಿ ಅವರಿಗೆ. ನಿಮ್ಮ ಮಾತು ನಂಬುತ್ತಾರೆ,” ಎಂದೆ.

“ನಾ ಹೇಳಿದ್ರ ಅದು ನಿಮ್ಮ ಮ್ಯಾಲಿನ ಕಂಪ್ಲೇಂಟ್ ಆಕೈತ್ರಿ. ನೀವು ಹೇಳಿದ್ರ ಪಾಠ ಆಕೈತಿ.”

ನನ್ನ ಮುಖ ನೋಡಿ ಪಾಪ ಎನಿಸಿರಬೇಕು. ಪಕ್ಕದಲ್ಲಿ ಕೂತರು. ಅಷ್ಟು ವರ್ಷದಲ್ಲಿ ಓಡುವ ಬಸ್ಸಿನಲ್ಲಿ ಅವರು ಕೂತದ್ದು ಅದೇ ಮೊದಲು. ಬಿಳಿ ಹೂವಿನವನ ಮೇಲೆ ಹೊಸದಾಗಿ ಹಗೆ ಹಿಡಿದ ಕಾಲದಲ್ಲಿ, ಡಿಪೋದ ಅಂಗಳದಲ್ಲಿ ಅದರ ಎಳೆ ಸಸಿಗಳು ಸಾಲಾಗಿ ಎದ್ದಿವೆ ಎಂದು ಕಂಡು, ಡ್ಯೂಟಿಗೆ ಮೊದಲು ಕೂತು ಒಂದನ್ನೂ ಬಿಡದೆ ಕಿತ್ತರಂತೆ. ಅಷ್ಟು ನೀಟಾಗಿ ಸಾಲಾಗಿ ಕಳೆ ಏಳುವುದಿಲ್ಲ ಎಂಬುದು ಆಮೇಲೆ ಹೊಳೆಯಿತಂತೆ. ಅವು ಮ್ಯಾನೇಜರರ ಹೆಂಡತಿ ತವರಿನಿಂದ ತರಿಸಿ ಹಚ್ಚಿದ ಸೇವಂತಿಗೆ ಸಸಿಗಳು. ಒಂದು ಮೆಮೊ ಬಂತು, ಆರು ತಿಂಗಳು ಬೇರೆ ರೂಟು ಬಂತು. “ಅವತ್ತಿನಿಂದ ಕೀಳೂಕಿಂತ ಮೊದಲ ತಿಕ್ಕಿ ಮೂಸ್ತೀನ್ರಿ,” ಎಂದರು. ಹಿಂದಿನ ಸೀಟಿನವನೊಬ್ಬ ಇದನ್ನೆಲ್ಲ ಕೇಳಿಸಿಕೊಂಡು ನಗುತ್ತಿದ್ದ. ಅವನ ಟಿಕೆಟ್ ಇನ್ನೊಮ್ಮೆ ಕೇಳಿ ನೋಡಿದರು.

ಮುಂದಿನ ಭಾನುವಾರ ಅವರಿಗೆ ರಜೆ. ನನ್ನ ಜೊತೆ ಊರಿಗೆ ಬಂದರು. ಬಿಳಿ ಅಂಗಿಯಲ್ಲಿ ಅವರು ಒಂದು ಗೇಣು ಗಿಡ್ಡವಾಗಿ ಕಂಡರು. ಕಟ್ಟೆಯ ಮುಂದೆ ಗೌಡರು, ಹುಲಿಗೆವ್ವ, ಇನ್ನೊಂದು ಹತ್ತು ಹನ್ನೆರಡು ಜನ. ಪೂಜೆಯ ಏರ್ಪಾಡಿನ ಮಾತೆಂದು ತಿಳಿದು ಬಂದಿದ್ದರು. ನಾನು ಎರಡು ಪುಟ ಬರೆದುಕೊಂಡಿದ್ದೆ, ಸಸ್ಯದ ಲ್ಯಾಟಿನ್ ಹೆಸರು, ಮೂಲ ದೇಶ, ಎಲ್ಲ ಸಮೇತ. ಕಂಡಕ್ಟರ್ ಪಕ್ಕದ ಲೈಟಿನ ಕಂಬಕ್ಕೆ ಒಂದು ಕೈ ಕೊಟ್ಟು ನಿಂತಿದ್ದರು. ಅವರ ಕಡೆ ನೋಡಿದೆ. ಕಾಗದ ಕಿಸೆಯಲ್ಲೇ ಉಳಿಯಿತು.

“ಇದು ಬನ್ನಿ ಅಲ್ಲ. ಬಳ್ಳಾರಿ ಜಾಲಿ. ತಪ್ಪು ನನ್ನದು,” ಎಂದೆ.

ಗೌಡರು ಟವೆಲ್ಲು ತೆಗೆದು ಕೊಡವಿ ಮತ್ತೆ ಹೆಗಲಿಗೆ ಹಾಕಿಕೊಂಡರು.

“ನಮಗ ಗೊತ್ತಿತ್ರಿ ಮಾಸ್ತರ,” ಎಂದರು.

“ಗೊತ್ತಿತ್ತೆ?”

“ಮುಳ್ಳು ನೋಡಿದ ದಿನಾನ ಸಂಶೆ ಬಂದಿತ್ತು. ಆದ್ರ ತಂದಾವ್ರು ಸೈನ್ಸ್ ಮಾಸ್ತರ್ರು. ಹತ್ತಿ ಹೈಬ್ರಿಡ್ ಬಂತು, ಸಜ್ಜಿ ಹೈಬ್ರಿಡ್ ಬಂತು. ಬನ್ನಿನೂ ಬಂದಿರಬೇಕು ಅಂದ್ಕೊಂಡು ಸುಮ್ನಿದ್ವಿ.”

ಆಗ ಒಬ್ಬೊಬ್ಬರಾಗಿ ಬಾಯಿ ಬಿಟ್ಟರು. ಎಲ್ಲರಿಗೂ ಗೊತ್ತಿತ್ತು. ಬೇರೆಯವರಿಗೆ ಗೊತ್ತಿಲ್ಲವೆಂದು ಪ್ರತಿಯೊಬ್ಬರೂ ತಿಳಿದಿದ್ದರು. ಒಬ್ಬನಂತೂ ಮುಕ್ಕುಂದದ ತನ್ನ ಬೀಗರಿಗೂ ಒಂದು ಹೈಬ್ರಿಡ್ ಬನ್ನಿ ಕೊಡಿಸುವುದಾಗಿ ಮಾತು ಕೊಟ್ಟಿದ್ದ. ನಗೆ ಎದ್ದಿತು. ನಾಲ್ಕೈದು ದಿನದಿಂದ ನಿದ್ದೆ ಕೆಟ್ಟಿದ್ದ ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. ಆಮೇಲೆ ಹುಲಿಗೆವ್ವ ನಗುತ್ತಿಲ್ಲ ಎಂಬುದನ್ನು ನೋಡಿದೆ.

“ನನಗ ಗೊತ್ತಿರ್ಲಿಲ್ಲ,” ಎಂದಳು. “ಎರಡು ವರ್ಷ ಬಿಂದಗಿ ಹೊತ್ತೀನಿ. ನನ್ನ ಒಲಿಗೆ ಹಾಕೋ ಮುಳ್ಳಿಗೆ ನೀರು ಹಾಕಿದ್ನೇನು?”

ನಗು ನಿಂತಿತು.

ಕಂಡಕ್ಟರ್ ಕಂಬ ಬಿಟ್ಟು ಬಂದು ಕಟ್ಟೆಯ ಪಕ್ಕ ಕುಕ್ಕರಗಾಲಲ್ಲಿ ಕೂತರು. ಬಿಳಿ ಅಂಗಿಯ ತೋಳು ಮೇಲೇರಿಸಿ, ಬೇಲಿಯ ಕೆಳಗಿನಿಂದ ಕೈ ತೂರಿಸಿದರು. ತೋಳಿಗೆ ಗೀರು ಬಿದ್ದು ರಕ್ತ ಕಂಡಿತು. ಜಾಲಿಯ ಕೆಳಟೊಂಗೆಗಳನ್ನು ಸರಿಸಿ, ಬೊಡ್ಡೆಯ ಬುಡದಲ್ಲಿ ಬಹಳ ಹೊತ್ತು ತಡಕಾಡಿದರು. ಆಮೇಲೆ, “ಬಾ ಯವ್ವಾ ಇಲ್ಲಿ,” ಎಂದು ಹುಲಿಗೆವ್ವನನ್ನು ಕರೆದರು.

ಹಳೆಯ ಬೊಡ್ಡೆಗೆ ಅಂಟಿಕೊಂಡು, ಜಾಲಿಯ ದಟ್ಟ ನೆರಳಿನಲ್ಲಿ, ಮೂರು ಚಿಗುರು. ಬಡಕಲು, ಬಿಳಿಚಿದ ಹಸಿರು, ಒಂದೂವರೆ ಗೇಣು ಎತ್ತರ. ಒಂದನ್ನು ಹಿಡಿದು ಆಕೆಯ ಬೆರಳನ್ನು ಕಡ್ಡಿಯ ಮೇಲೆ ಆಡಿಸಿದರು. ಮುಳ್ಳು ಸಣ್ಣವು, ಇಲ್ಲೊಂದು ಅಲ್ಲೊಂದು, ಜೋಡಿಯಿಲ್ಲದೆ.

“ಹಳೀ ಬನ್ನಿ ಬೇರಿನಿಂದ ಎದ್ದಾವ. ಮ್ಯಾಲಿನವ ಬಿಸಿಲೆಲ್ಲ ತಾನಾ ತಿಂದು ಇವಕ್ಕ ನೆರಳು ಅಷ್ಟ ಬಿಟ್ಟಾನ. ನೀ ನೀರು ಹಾಕಿರ್ಲಿಲ್ಲ ಅಂದ್ರ ಇವು ಹೋದ ಬ್ಯಾಸಿಗ್ಯಾಗ ಹೋಗ್ತಿದ್ವು.”

ಹುಲಿಗೆವ್ವ ಮೂರನ್ನೂ ಮುಟ್ಟಿ ನೋಡಿದಳು. ಎದ್ದು ನಿಂತು ಸೆರಗು ಬಿಗಿದು, “ಮತ್ತ ಹಾರಿ ತರ್ರ್ಯಲಾ, ಏನು ನೋಡ್ತೀರಿ,” ಎಂದು ಗಂಡಸರನ್ನು ಗದರಿದಳು.

ಕಡಿದರೆ ಸಾಲದು, ಜಾಲಿ ಮತ್ತೆ ಚಿಗುರುತ್ತದೆ. ಬನ್ನಿಯ ಬೇರಿಗೆ ಪೆಟ್ಟಾಗದಂತೆ ಸುತ್ತ ಅಗೆದು ಬುಡಸಮೇತ ಎತ್ತುವ ಹೊತ್ತಿಗೆ ಮಧ್ಯಾಹ್ನ ಇಳಿದಿತ್ತು. ಹಾರೆ ನನ್ನ ಕೈಗೂ ಬಂತು, ಎರಡು ಗುಳ್ಳೆ ಎದ್ದವು. ಕಿತ್ತ ಜಾಲಿ ಒಣಗಿ ಚಹಾದಂಗಡಿಯ ಒಲೆ ಸೇರಿತು. ಒಳ್ಳೆಯ ಕೆಂಡವಾಗುತ್ತದೆ ಎಂದು ಕಂಡಕ್ಟರೇ ಮೆಚ್ಚಿದರು. ಅವರಿಗೆ ಯಾವ ಗಿಡದ ಮೇಲೂ ಸಿಟ್ಟಿರಲಿಲ್ಲ, ಅವು ಇಳಿಯುವ ಸ್ಟಾಪಿನ ಬಗ್ಗೆ ಮಾತ್ರ ತಕರಾರು. ಒಂದು ವಾರ ಅಲ್ಲಿ ಎಲ್ಲರೂ ಬಂದು ಕೇಳಿದ್ದು “ಹೈಬ್ರಿಡ್ ಚಹಾ.” ನಾನೂ ಅದನ್ನೇ ಕುಡಿದೆ, ಬೇರೆ ಅಂಗಡಿ ಇರಲಿಲ್ಲ.

ಚಿಗುರು ಇದ್ದದ್ದು ನಿಮಗೆ ಮೊದಲೇ ಗೊತ್ತಿತ್ತೆ ಎಂದು ವಾಪಸು ಬರುವಾಗ ಕೇಳಿದೆ. ಇಲ್ಲವೆಂದರು. ಬನ್ನಿಯ ಬೇರು ಅಷ್ಟು ಬೇಗ ಸಾಯುವುದಿಲ್ಲ ಎಂದಷ್ಟೇ ಗೊತ್ತಿತ್ತಂತೆ. ಚಿಗುರು ಸಿಗದಿದ್ದರೆ ಏನು ಮಾಡುತ್ತಿದ್ದಿರಿ?

“ಇಬ್ಬರೂ ಕೂಡಿ ಬೈಸ್ಕೋತಿದ್ವಿ. ಒಬ್ಬರಾ ಬೈಸ್ಕೊಂಡ್ರ ಭಾಳ ಹೊತ್ತು ಆಕೈತ್ರಿ.”

ಆ ದಸರೆಗೆ ಹುಲಿಗೆವ್ವ ಮೂರು ಚಿಗುರಿಗೆ ಪೂಜೆ ಮಾಡಿಸಿದಳು. ಎಲೆ ಮಾತ್ರ ಮುಟ್ಟಗೊಡಲಿಲ್ಲ. ಹಂಚುವ ಬಂಗಾರ ಪಾಮನಕಲ್ಲೂರಿನ ಕಡೆಯ ಹೊಲದ ಬದುವಿನ ಬನ್ನಿಯಿಂದ ಬಂತು. ಕಂಡಕ್ಟರ್ ಒಂದು ಹೊರೆ ತಂದು ಎಂಜಿನ್ನಿನ ಮೇಲಿಟ್ಟಿದ್ದರು. ಮಹಬೂಬ್ ಸಾಬರು ಅಂದು ದಾರಿಯುದ್ದಕ್ಕೂ ಒಂದು ಕೈಯಲ್ಲಿ ಸ್ಟೀರಿಂಗು, ಒಂದು ಕೈಯಲ್ಲಿ ಹೊರೆ ಹಿಡಿದು ಓಡಿಸಿದರು. ನಾನು ಅದನ್ನೇ ನೋಡುತ್ತ ಕೂತಿದ್ದೆ, ಹೇಗಿದ್ದೆನೆಂದು ಹೇಳಬೇಕಿಲ್ಲ.

ಅವರು ನಿವೃತ್ತರಾಗಿ ಈಗ ಎರಡು ವರ್ಷ. ಕೊನೆಯ ಟ್ರಿಪ್ಪಿನ ದಿನ ಉದ್ದನೆಯ ನೋಟ್‌ಬುಕ್ಕನ್ನು ನನ್ನ ಕೈಗಿಟ್ಟು, “ಇನ್ನ ನೀವು ಬರೀರಿ. ಹೆಸರು ನಿಮಗ ಗೊತ್ತದಾವ,” ಎಂದರು. ಗುರುತಿನ ಮಾತು ಎತ್ತಲಿಲ್ಲ, ಅದು ಅವರ ದೊಡ್ಡತನ. ಮನೆಗೆ ಬಂದು ಮೊದಲು ತೆರೆದದ್ದು ನಮ್ಮ ಸ್ಟಾಪಿನ ಪುಟ. ಬಳ್ಳಾರಿ ಜಾಲಿ, ಕಟ್ಟೆಯ ಮೇಲೆ, ಒಂದು. ಹೆಂಗ ಬಂತು ಎಂಬ ಸಾಲಿನಲ್ಲಿ, ಆಡು, ನೀರು, ಲಾರಿಗಳು ಇರುತ್ತಿದ್ದ ಜಾಗದಲ್ಲಿ, ಅಚ್ಚುಕಟ್ಟಾದ ಪೆನ್ಸಿಲ್ ಅಕ್ಷರದಲ್ಲಿ ಬರೆದಿದ್ದರು: ಮಾಸ್ತರ್ರು.

ಈಗಿನ ಕಂಡಕ್ಟರ್ ಒಳ್ಳೆಯ ಹುಡುಗಿ. ನಾನು ಗಾಳಿ ಮೂಸಿದರೆ ಏನೆಂದು ಕೇಳುವುದಿಲ್ಲ. ಬಾಗಿಲ ಬಳಿ ಯಾರೂ ನಿಲ್ಲದ್ದರಿಂದ ನಾನೇ ಮೂರನೆಯ ಸೀಟು ಬಿಟ್ಟು ಮುಂದೆ ಕೂರಲು ಶುರುಮಾಡಿದ್ದೇನೆ. ರಸ್ತೆಯಂಚು ಅಲ್ಲಿಂದ ಚೆನ್ನಾಗಿ ಕಾಣುತ್ತದೆ. ಪಲ್ಟಿಯಾದರೆ ಏನು ಗತಿಯೋ.

ಕಟ್ಟೆಯ ಮೂರು ಚಿಗುರಿನಲ್ಲಿ ಒಂದು ಉಳಿದು ಈಗ ಸೊಂಟದ ಮಟ್ಟಕ್ಕೆ ಬಂದಿದೆ. ಹೋದ ದಸರೆಗೆ ಹುಲಿಗೆವ್ವ ಮೊದಲ ಸಲ ಎಲೆ ಕೀಳಲು ಬಿಟ್ಟಳು, ಮನೆಗೊಂದು ಕಡ್ಡಿ, ತಾನೇ ಎಣಿಸಿ ಕೊಟ್ಟು. ನನಗೆ ಎರಡು ಕೊಟ್ಟಳು.

ಎರಡನೆಯದನ್ನು ಹಿಡಿದು ಸಂಜೆ ಸಿಂಧನೂರಿನಲ್ಲಿ ನಮ್ಮ ಹಳೆಯ ಕಂಡಕ್ಟರರ ಮನೆಗೆ ಹೋದೆ. ಬಾಗಿಲು ತೆರೆದ ಅವರ ಹೆಂಡತಿ ನನ್ನ ಕೈ ನೋಡಿ, “ಹೈಬ್ರಿಡ್ಡೋ, ಜವಾರಿನೋ?” ಎಂದು ಕೇಳಿ ಒಳಗೆ ಕೂಗಿದರು. ಅವರು ಬಂದರು. ನಾನು ಕಡ್ಡಿಯನ್ನು ಮುಂದೆ ಹಿಡಿದು, “ಬಂಗಾರ ತಗೊಂಡು ಬಂಗಾರದಂಗ...” ಎಂದು ಶುರುಮಾಡಿದ್ದೆ, ಅಷ್ಟರಲ್ಲಿ ಒಂದು ಕೈ ಹೊಸ್ತಿಲಿಗೆ ಅಡ್ಡ ಬಂತು.

“ತಡೀರಿ,” ಎಂದರು.

ಕನ್ನಡಕ ಹಾಕಿಕೊಂಡರು. ಕಡ್ಡಿ ತೆಗೆದುಕೊಂಡು ಬೆಳಕಿಗೆ ಹಿಡಿದು, ತಿರುಗಿಸಿ, ಹೆಬ್ಬೆರಳನ್ನು ಬುಡದಿಂದ ತುದಿಯವರೆಗೆ ನಿಧಾನವಾಗಿ ಎಳೆದರು. ಒಂದು ಎಲೆ ತಿಕ್ಕಿ ಮೂಸಿದರು. ಹುಲಿಗೆವ್ವನ ಕೈಯಿಂದಲೇ ಬಂದದ್ದು, ನಾನೇ ಮುಟ್ಟಿ ನೋಡಿ ತಂದದ್ದು, ಆದರೂ ಹೆದರಿಕೆ.

ಪೆನ್ಸಿಲ್ಲು ಇರುತ್ತಿದ್ದ ಕಿವಿಯ ಮೇಲೆ ಕಡ್ಡಿಯನ್ನು ಸಿಕ್ಕಿಸಿಕೊಂಡರು. ಆಮೇಲೆ ಕೈ ತೆಗೆದರು.

“ನೀವೂ ಬರ್ರಿ. ಇದೂ ಬರ್ಲಿ.”